ಕಿತ್ತರೆ ಬರುವ ಬಣ್ಣ

ಶಿವಮೊಗ್ಗದ ನಮ್ಮ ಮನೆಯ ಮುಂದೆ, ಹೊಂಗೆ ಮರದ ಕೆಳಗೆ ಒಂದು ಬಿಳಿ ಮಾರುತಿ 800 ನಿಂತಿರುತ್ತದೆ. ನಿಂತಿರುತ್ತದೆ ಎಂದೇ ಹೇಳಬೇಕು. ವಾರಕ್ಕೊಮ್ಮೆ ಸಂತೆಗೆ, ತಿಂಗಳಿಗೊಮ್ಮೆ ಅಮ್ಮನನ್ನು ಕೂರಿಸಿಕೊಂಡು ಡಾಕ್ಟರ ಬಳಿಗೆ ಹೋಗಿಬರುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. 1994ರಲ್ಲಿ ನನ್ನ ತಂದೆ ಸಾಲ ಮಾಡಿ ಕೊಂಡ ಕಾರು ಅದು. ಅವರು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕರಾಗಿದ್ದರು. ಕಾರು ಬಂದ ಮರುದಿನದಿಂದ ಪ್ರತಿ ಬೆಳಿಗ್ಗೆ ಕಾಫಿಗೂ ಮೊದಲು ಹಳೆಯ ಪಂಚೆಯ ತುಂಡು ಹಿಡಿದು ಅದನ್ನು ಒರೆಸುತ್ತಿದ್ದರು. ಬಾನೆಟ್‌ನಿಂದ ಶುರುಮಾಡಿ, ಪ್ರದಕ್ಷಿಣೆಯ ಕ್ರಮದಲ್ಲೇ ಒಂದು ಸುತ್ತು ಬಂದು, ಮತ್ತೆ ಬಾನೆಟ್ ಹತ್ತಿರ ನಿಂತು ಒಮ್ಮೆ ನೋಡುತ್ತಿದ್ದರು. ದೇವರ ಕೋಣೆಯಲ್ಲೂ ಅವರು ಅಷ್ಟು ಹೊತ್ತು ನಿಂತದ್ದನ್ನು ನಾನು ಕಂಡಿಲ್ಲ. ಅಪ್ಪ ತೀರಿಕೊಂಡದ್ದು 2013ರಲ್ಲಿ. ಅದರ ಮರುವರ್ಷ ಕಂಪನಿಯವರು ಆ ಮಾದರಿಯ ಕಾರು ಮಾಡುವುದನ್ನೇ ನಿಲ್ಲಿಸಿದರು. ನಮ್ಮ ಮನೆಯಲ್ಲಿ ಈ ಎರಡು ಸಂಗತಿಗಳನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿ.

ಇಂಥ ಕಾರಿಗೆ ಕಪ್ಪು ಬಣ್ಣ ಹೊಡೆಯುತ್ತೇನೆ ಎಂದ ನನ್ನ ಮಗ. 2022ರ ಬೇಸಿಗೆ ರಜೆಗೆ ಹಾಸ್ಟೆಲಿನಿಂದ ಬಂದಿದ್ದ. ಎಂಜಿನಿಯರಿಂಗ್ ಮೊದಲ ವರ್ಷ. ಹೊಳೆಯುವ ಕಪ್ಪಲ್ಲ, ಹೊಳಪೇ ಇಲ್ಲದ, ದೋಸೆ ಕಾವಲಿಯಂಥ ಕಪ್ಪು ಬೇಕಂತೆ. ನಾನು ಪತ್ರಿಕೆಯಿಂದ ತಲೆ ಎತ್ತದೆ ‘ಆಗೋದಿಲ್ಲ’ ಎಂದೆ.

ಆಗಿನ ದಿನಗಳಲ್ಲಿ ಅವನು ಏನು ಕೇಳಿದರೂ ನನ್ನ ಉತ್ತರ ಅದೇ ಆಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಅದಕ್ಕೊಂದು ಹಿನ್ನೆಲೆಯಿದೆ. ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಹೋಗಿತ್ತು. ಹೋದದ್ದಕ್ಕಿಂತ ಹೆಚ್ಚಾಗಿ, ಅವನು ಅದನ್ನು ಮೂರು ವಾರ ನಮ್ಮಿಂದ ಮುಚ್ಚಿಟ್ಟಿದ್ದ. ಪಕ್ಕದ ಬೀದಿಯ ಹುಡುಗನ ಬಾಯಿಂದ ಸುದ್ದಿ ನನ್ನ ಕಿವಿಗೆ ಬಿತ್ತು. ಅಂದು ರಾತ್ರಿ ಊಟದ ಹೊತ್ತಿನಲ್ಲಿ ನಾನು ಒಂದು ಭಾಷಣವನ್ನೇ ಮಾಡಿದೆ. ಅದರ ಒಂದು ವಾಕ್ಯ ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ: ‘ನಾನು ನಮ್ಮಪ್ಪನಿಂದ ಯಾವತ್ತೂ ಏನನ್ನೂ ಮುಚ್ಚಿಟ್ಟವನಲ್ಲ.’ ಅನ್ನ ಕಲಸುತ್ತಿದ್ದ ಅವನ ಕೈ ನಿಂತಿತು. ಅಮ್ಮ ಮಜ್ಜಿಗೆ ಬಡಿಸುತ್ತಿದ್ದವಳು ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ಅಲ್ಲಿಂದಾಚೆ ಅಪ್ಪ ಮಗನ ನಡುವೆ ‘ಬಸ್ಸು ಎಷ್ಟು ಹೊತ್ತಿಗೆ’, ‘ದುಡ್ಡು ಹಾಕಿದೀನಿ’ ಎಂಬಷ್ಟೇ ಮಾತು.

ಕಾರಿನ ಬಣ್ಣದ ವಿಷಯ ಮತ್ತೆ ಎತ್ತಿದ್ದು ನನ್ನ ಹೆಂಡತಿ. ‘ಅದು ಕಿತ್ತರೆ ಬರುವ ಬಣ್ಣವಂತೆ. ಬೇಡ ಅನ್ನಿಸಿದರೆ ಸಿಪ್ಪೆ ಸುಲಿದ ಹಾಗೆ ತೆಗೆದುಬಿಡಬಹುದಂತೆ. ಕೆಳಗಿನ ಬಿಳಿ ಹಾಗೇ ಇರತ್ತಂತೆ. ಅವನು ಮನೇಲಿ ಒಂದು ಮಾತಾದರೂ ಆಡೋದು ಆ ಕಾರಿನ ಹತ್ತಿರ ನಿಂತಾಗ ಮಾತ್ರ. ಒಪ್ಪಿಕೊಳ್ಳಿ’ ಎಂದಳು. ಅಷ್ಟು ‘ಅಂತೆ’ಗಳನ್ನು ನಂಬುವುದು ಹೇಗೆ? ನಾನು ಸಹಕಾರ ಬ್ಯಾಂಕಿನ ಗುಮಾಸ್ತ. ಅಡಮಾನದ ಪತ್ರ ನೋಡದೆ ಸಾಲ ಮಂಜೂರು ಮಾಡುವವನಲ್ಲ. ಮಗನನ್ನು ಕರೆದು ವಿವರ ಕೇಳಿದೆ. ನಾಲ್ಕು ತಿಂಗಳ ಮೇಲೆ ಅವನು ನನ್ನೊಂದಿಗೆ ಅರ್ಧ ಗಂಟೆ ಮಾತಾಡಿದ.

ಅವನು ಒಳಗಿಂದ ಒಂದು ಇಕ್ಕಳ ತಂದು ನನ್ನ ಮುಂದಿಟ್ಟ. ‘ಇದರ ಹಿಡಿಗೆ ಕೆಂಪು ರಬ್ಬರಿನ ಹೊದಿಕೆ ಇದೆಯಲ್ಲ ಅಪ್ಪಾ, ಈ ಬಣ್ಣ ಹುಟ್ಟಿದ್ದು ಇಂಥದಕ್ಕೇ’ ಎಂದ. ಅಮೆರಿಕದ ಮಿನೆಸೋಟ ರಾಜ್ಯದ ಕಂಪನಿಯೊಂದು ‘ಪ್ಲಾಸ್ಟಿ ಡಿಪ್’ ಎಂಬ ಹೆಸರಿನಲ್ಲಿ ಮೊದಲು ಮಾರಿದ್ದು ಸಲಕರಣೆಗಳ ಹಿಡಿಗೆ ಹೊದಿಕೆಯಾಗುವ ದ್ರವವನ್ನು. ಹಿಡಿಯನ್ನು ಡಬ್ಬಿಯೊಳಗೆ ಅದ್ದಿ, ಮೇಲಕ್ಕೆತ್ತಿ, ಒಣಗಲು ನೇತುಹಾಕಿದರೆ ರಬ್ಬರಿನ ಕೈಗವಸು ತೊಡಿಸಿದಂತಾಗುತ್ತದೆ. ಆಮೇಲೆ ಅದನ್ನೇ ಸ್ಪ್ರೇ ಡಬ್ಬಿಯಲ್ಲಿ ತುಂಬಿಸಿದರು. ಕಾರಿನ ಹುಚ್ಚಿರುವ ಯಾರೋ ಪುಣ್ಯಾತ್ಮರು ಅದನ್ನು ಚಕ್ರದ ರಿಮ್ಮಿಗೆ ಹೊಡೆದು ನೋಡಿದರು. ರಿಮ್ಮಿನಿಂದ ಬಾನೆಟ್ಟಿಗೆ, ಅಲ್ಲಿಂದ ಇಡೀ ಕಾರಿಗೆ ಅದು ಹಬ್ಬಿತು. ಈಗ ಅದೇ ಬಗೆಯ ಬಣ್ಣವನ್ನು ಬೇರೆ ಬೇರೆ ಕಂಪನಿಗಳು ಮಾಡುತ್ತವೆ.

ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದು, ‘ಸುಳ್ಯದ ಕಡೆ ತೋಟದಲ್ಲಿ ಮರ ಗೀರಿ ಚಿಪ್ಪು ಕಟ್ಟಿ ಹಾಲು ಇಳಿಸ್ತಾರಲ್ಲ, ಅದೇನೋ ಇದು?’ ಎಂದು ಕೇಳಿದಳು. ಅವಳ ತಂಗಿಯನ್ನು ಸುಳ್ಯಕ್ಕೆ ಕೊಟ್ಟಿತ್ತು. ಅಲ್ಲಿ ರಬ್ಬರ್ ಹಾಲಿಗೆ ಆಸಿಡ್ ಬೆರೆಸಿ ಹೆಪ್ಪುಗಟ್ಟಿಸಿ, ಯಂತ್ರದಲ್ಲಿ ಒತ್ತಿ ಹಾಳೆ ಮಾಡಿ, ಹೊಗೆಗೂಡಿನಲ್ಲಿ ನೇತುಹಾಕುವುದನ್ನು ಅವಳು ಕಂಡವಳು. ಹೌದು ಎಂದು ನಾನು ಹೇಳುವುದರಲ್ಲಿದ್ದೆ. ಮಗ ‘ಅಲ್ಲ ಅಜ್ಜಿ’ ಎಂದ. ಇದು ಕಾರ್ಖಾನೆಯಲ್ಲಿ ತಯಾರಾದ ರಬ್ಬರಿನಂಥ ವಸ್ತು. ಅದನ್ನು ಬೇಗ ಆವಿಯಾಗುವ ಥಿನ್ನರಿನಂಥ ದ್ರವಗಳಲ್ಲಿ ಕರಗಿಸಿರುತ್ತಾರೆ. ಸ್ಪ್ರೇ ಮಾಡಿದಾಗ ದ್ರವ ಹಾರಿಹೋಗುತ್ತದೆ, ರಬ್ಬರು ಪೊರೆಯಾಗಿ ಉಳಿಯುತ್ತದೆ. ಹಾಲು ಹೆಪ್ಪುಗಟ್ಟುವ ಹಾಗೆ ಒಳಗೆ ಬೇರೆ ಯಾವ ಬದಲಾವಣೆಯೂ ಆಗುವುದಿಲ್ಲ. ಸಕ್ಕರೆ ನೀರು ಒಣಗಿದರೆ ಸಕ್ಕರೆ ಉಳಿದಂತೆ, ಅಷ್ಟೇ. ಹಾಗಾಗಿ ಇದಕ್ಕೊಂದು ದೌರ್ಬಲ್ಯವೂ ಉಂಟು. ಪೆಟ್ರೋಲ್ ಚೆಲ್ಲಿದರೆ ರಬ್ಬರು ಮತ್ತೆ ಮೆತ್ತಗಾಗಿ ಅಂಟಂಟಾಗುತ್ತದೆ. ಪೆಟ್ರೋಲ್ ಹಾಕಿಸುವ ಮುಚ್ಚಳದ ಸುತ್ತ ಇದನ್ನು ಹೊಡೆದವರು ಬಂಕಿನ ಹುಡುಗನಿಗೆ ಪ್ರತಿ ಸಲವೂ ಎಚ್ಚರಿಕೆ ಹೇಳುತ್ತಿರಬೇಕು.

ವಿವರಣೆ ಕೇಳಿ ನನಗೊಂದು ಸಮಾಧಾನವೂ ಒಂದು ಅಸಮಾಧಾನವೂ ಆಯಿತು. ಸಮಾಧಾನವೆಂದರೆ, ಹುಡುಗನಿಗೆ ವಿಷಯ ಗೊತ್ತಿದೆ. ಇಷ್ಟು ಗೊತ್ತಿದ್ದವನು ಆ ಪೇಪರಿನಲ್ಲಿ ಹೇಗೆ ಹೋದ ಎಂಬುದೇ ಅಸಮಾಧಾನ.

ಇಡೀ ಕಾರಿಗೆ ಮಾತ್ರ ನಾನು ಒಪ್ಪಲಿಲ್ಲ. ಆರ್.ಸಿ. ಪುಸ್ತಕದಲ್ಲಿ ಬಣ್ಣ ಬಿಳಿ ಎಂದು ನಮೂದಾಗಿದೆ. ಬದಲಾಯಿಸಿದರೆ ಆರ್.ಟಿ.ಓ. ಕಚೇರಿಗೆ ತಿಳಿಸಿ ಅಲ್ಲೂ ಬದಲಾಯಿಸಿಕೊಳ್ಳಬೇಕು. ಕಿತ್ತರೆ ಬರುವ ಬಣ್ಣವೆಂದು ದಾರಿಯಲ್ಲಿ ತಡೆದ ಪೊಲೀಸರ ಮುಂದೆ ಕಿತ್ತು ತೋರಿಸಲಾದೀತೇ? ಕೊನೆಗೆ ಒಪ್ಪಂದವಾಯಿತು: ನಾಲ್ಕು ಚಕ್ರ, ಬಾನೆಟ್, ಮುಂದಿನ ಎರಡು ಮಡ್‌ಗಾರ್ಡ್. ಬಿಸಿಲಿಗೆ ಬಾನೆಟ್ಟಿನ ಬಿಳಿ ಹೇಗೂ ಸುಣ್ಣದಂತಾಗಿತ್ತು, ಕೈಯಿಟ್ಟರೆ ಪುಡಿ ಮೆತ್ತಿಕೊಳ್ಳುತ್ತಿತ್ತು.

‘ಎಡಗಡೆ ಮಡ್‌ಗಾರ್ಡ್ ಬೇಡ’ ಎಂದೆ.

‘ಯಾಕಪ್ಪಾ? ಒಂದು ಕಡೆ ಕಪ್ಪು, ಒಂದು ಕಡೆ ಬಿಳಿ ಆದ್ರೆ ಚೆನ್ನಾಗಿರತ್ತಾ?’

ಯಾಕೆ ಎಂದು ಹೇಳಲು ನನ್ನಲ್ಲಿ ಮಾತಿರಲಿಲ್ಲ. ‘ಸರಿ, ನಿನ್ನಿಷ್ಟ’ ಎಂದುಬಿಟ್ಟೆ.

ಆರು ಡಬ್ಬಿ ಬಂದವು. ಮೊದಲ ದಿನ ಪೂರ್ತಿ ತೊಳೆಯುವುದಕ್ಕೇ ಹೋಯಿತು. ಬಣ್ಣದ ಕೆಲಸವೆಂದರೆ ಮುಕ್ಕಾಲು ಪಾಲು ತೊಳೆಯುವ ಕೆಲಸ ಎಂದು ನನಗೆ ಗೊತ್ತಾದದ್ದು ಅಂದೇ. ಶಾಂಪೂ ಹಾಕಿ ಉಜ್ಜಿ, ಹಳೆಯ ಪಾಲಿಶಿನ ಜಿಡ್ಡು ತೆಗೆದು, ಸಂದುಗೊಂದುಗಳ ನೀರನ್ನೆಲ್ಲ ಬಟ್ಟೆಯಲ್ಲಿ ಹೀರಿಸಿ ಒಣಗಿಸಬೇಕು. ಧೂಳು, ಜಿಡ್ಡು ಇದ್ದಲ್ಲಿ ರಬ್ಬರು ಹಿಡಿಯದೆ ಗುಳ್ಳೆ ಏಳುತ್ತದೆ. ನಾನೂ ಬನಿಯನ್ನಿನಲ್ಲಿ ನಿಂತು ಉಜ್ಜಿದೆ. ಎಡ ಮಡ್‌ಗಾರ್ಡನ್ನು ನಾನೇ ಉಜ್ಜಿದೆ.

ಮರುದಿನ ಗಾಜು, ದೀಪ, ಬಾಗಿಲುಗಳನ್ನೆಲ್ಲ ಹಳೆಯ ಪತ್ರಿಕೆಗಳಿಂದ ಮುಚ್ಚಿ ಅಂಚಿಗೆ ಮಾಸ್ಕಿಂಗ್ ಟೇಪು ಅಂಟಿಸಿದೆವು. ಕಾರಿನ ಮೈಯೆಲ್ಲ ಸುದ್ದಿಯೇ. ದಾರಿಯಲ್ಲಿ ಹೋಗುವವರು ನಿಂತು ಓದತೊಡಗಿದರು. ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರು ಗೇಟಿನ ಮೇಲೆ ಕೈಯೂರಿ, ‘ಏನ್ರೀ, ಗಾಡಿಗೂ ಡಾಂಬರೀಕರಣವೇ? ನಮ್ಮ ಬೀದಿಗೆ ಮಾಡಿಸಿ ಅಂದ್ರೆ ಯಾರೂ ಕೇಳೋರಿಲ್ಲ’ ಎಂದರು.

ಮನೆಯಲ್ಲಿ ಮಕ್ಕಳು ಇಂಥ ಸಾಹಸಕ್ಕೆ ಇಳಿದರೆ ತಂದೆತಾಯಿಗಳು ಗಮನಿಸಬೇಕಾದ ಒಂದೆರಡು ಸಂಗತಿಗಳಿವೆ. ನಾನು ಉತ್ಸಾಹದಿಂದ ಕೊರೊನಾ ಕಾಲದಲ್ಲಿ ಉಳಿದಿದ್ದ ಮಾಸ್ಕುಗಳ ಪೊಟ್ಟಣ ತಂದೆ. ಮಗ ಬೇಡ ಎಂದ. ಎನ್-95 ಮಾಸ್ಕು ಬಣ್ಣದ ತುಂತುರನ್ನು ತಡೆದೀತು, ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಕ್ರಿಯಾಶೀಲ ಇದ್ದಿಲು ತುಂಬಿದ ಡಬ್ಬಿಗಳಿರುವ ಬೇರೆಯದೇ ಮಾಸ್ಕು ಬೇಕು. ಅದನ್ನು ತರಿಸಿದ ಮೇಲೆಯೇ ಕೆಲಸ ಶುರುವಾದದ್ದು. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಈ ಕೆಲಸ ಮಾಡಲೇಬಾರದು. ತಲೆ ಸುತ್ತುವುದು ಒಂದು ಅಪಾಯ, ಬೆಂಕಿ ಇನ್ನೊಂದು. ಈ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದುಹೋಗಿ ಎಲ್ಲೋ ಇರುವ ಕಿಡಿಯನ್ನು ಹುಡುಕಿಕೊಳ್ಳುತ್ತದೆ. ನಮ್ಮ ತುಳಸಿಕಟ್ಟೆ ಕಾರಿನಿಂದ ಹತ್ತು ಹೆಜ್ಜೆ ದೂರ. ಅಂದು ಸಂಜೆ ಅಮ್ಮನಿಗೆ ಹೇಳಿ ದೀಪ ಹಚ್ಚುವುದನ್ನು ಒಂದು ಗಂಟೆ ತಡಮಾಡಿಸಿದೆವು. ‘ತುಳಸಮ್ಮ ಕಾಯ್ತಾಳೆ, ನೀವು ಮುಗಿಸಿ’ ಎಂದಳು ಅಮ್ಮ.

ಮೊದಲ ಸುತ್ತು ಹೊಡೆದಾಗ ನನಗೆ ನಿರಾಸೆಯೇ ಆಯಿತು. ಡಬ್ಬಿಯನ್ನು ಚೆನ್ನಾಗಿ ಕುಲುಕಿ—ಒಳಗಿನ ಗೋಲಿಯ ಟಕಟಕ ಸದ್ದು ಬೀದಿಗೆಲ್ಲ ಕೇಳುತ್ತಿತ್ತು—ಗೇಣು ದೂರದಿಂದ ಕೈಯನ್ನು ಎಲ್ಲೂ ನಿಲ್ಲಿಸದೆ ಅತ್ತಿಂದಿತ್ತ ಆಡಿಸಿದ. ಬಾನೆಟ್ ಮೇಲೆ ಮಸಿ ಚಿಮುಕಿಸಿದಂತಾಯಿತು, ಕೆಳಗಿನ ಬಿಳಿ ಅರ್ಧಕ್ಕರ್ಧ ಕಾಣುತ್ತಿತ್ತು. ಹಾಗೆಯೇ ಇರಬೇಕಂತೆ. ಮೊದಲನೆಯದು ಹಿಡಿತಕ್ಕೆ, ಉಳಿದವು ದಪ್ಪಕ್ಕೆ. ಕಾಲು ಗಂಟೆ ಬಿಟ್ಟು ಎರಡನೆಯದು, ಮತ್ತೆ ಕಾಲು ಗಂಟೆ ಬಿಟ್ಟು ಮೂರನೆಯದು. ಮೂರಕ್ಕೆ ಬಾನೆಟ್ ಪೂರ್ತಿ ಕಪ್ಪಾಯಿತು. ಇನ್ನು ಸಾಕಲ್ಲ, ಮೂರು ಡಬ್ಬಿ ಉಳಿದರೆ ವಾಪಸು ಕೊಡಬಹುದು ಎಂಬುದು ನನ್ನ ಗುಮಾಸ್ತ ಬುದ್ಧಿ. ಅವನು ನಕ್ಕ. ‘ಈಗ ನಿಲ್ಲಿಸಿದ್ರೆ ಮುಂದೆ ಕೀಳೋಕೆ ಆಗಲ್ಲಪ್ಪಾ’ ಎಂದ.

ಈ ಬಣ್ಣದ ಗುಟ್ಟೆಲ್ಲ ಅಲ್ಲಿದೆ. ಪೊರೆ ಕಾರಿನ ಮೈಯನ್ನು ಹಿಡಿದುಕೊಳ್ಳುವ ಬಲ ಒಂದು, ಪೊರೆ ತನ್ನನ್ನು ತಾನು ಹಿಡಿದುಕೊಳ್ಳುವ ಬಲ ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಿದ್ದರೆ ಅಂಚು ಹಿಡಿದೆಳೆದಾಗ ಇಡಿಯಾಗಿ ಎದ್ದುಬರುತ್ತದೆ. ಕಡಿಮೆಯಿದ್ದರೆ ಚೂರುಚೂರಾಗಿ ಹರಿದು ಮೈಗೇ ಅಂಟಿಕೊಂಡು ಕೂರುತ್ತದೆ. ಹಾಲಿನ ಕೆನೆ ನೋಡಿ. ದಪ್ಪಗಿದ್ದರೆ ಚಮಚದ ತುದಿಯಲ್ಲಿ ಇಡೀ ಚಕ್ಕೆ ಬರುತ್ತದೆ, ತೆಳ್ಳಗಿದ್ದರೆ ಲೋಟದ ಅಂಚಿಗೆಲ್ಲ ಮೆತ್ತಿಕೊಳ್ಳುತ್ತದೆ. ಮಾಮೂಲು ಬಣ್ಣದಲ್ಲಿ ತೆಳುವಾಗಿ ಹೊಡೆಯುವವನೇ ಜಾಣ. ಇದರಲ್ಲಿ ದಪ್ಪಗೆ ಹೊಡೆದವನೇ ನಾಳೆ ನಿರಾಳ. ಆರು ಸುತ್ತು ಹೊಡೆದ.

ಆರನೆಯ ಸುತ್ತು ಇನ್ನೂ ಹಸಿಯಿರುವಾಗಲೇ ಟೇಪು ಕೀಳಬೇಕಿತ್ತು. ಒಣಗಲು ಬಿಟ್ಟರೆ ಟೇಪಿನ ಮೇಲಿನ ರಬ್ಬರೂ ಕಾರಿನ ಮೇಲಿನ ರಬ್ಬರೂ ಒಂದೇ ಹಾಳೆಯಾಗಿ, ಟೇಪಿನ ಜತೆ ಬಾನೆಟ್ಟಿನದೂ ಎದ್ದುಬರುತ್ತದೆ. ನಾವಿಬ್ಬರೂ ಆ ಕಡೆ ಈ ಕಡೆ ನಿಂತು ಉಸಿರು ಬಿಗಿಹಿಡಿದು ಎಳೆಯುತ್ತಿದ್ದಾಗ ಹೊಂಗೆ ಮರ ತನ್ನ ಪಾಲಿನ ಕಾಣಿಕೆ ಸಲ್ಲಿಸಿತು. ಏಪ್ರಿಲ್ ಕೊನೆಯಲ್ಲಿ ಹೊಂಗೆ ಹೂ ಉದುರುವುದನ್ನು ನೀವು ನೋಡಿರಬೇಕು. ಒಂದು ಸಣ್ಣ ಗಾಳಿ ಸಾಕು. ಐದಾರು ಹೂ ಹಸಿ ಬಾನೆಟ್ಟಿನ ಮೇಲೆ ಬಿದ್ದು ಕೂತವು. ಮರದ ಕೆಳಗೆ ಬೇಡ ಎಂದು ಅವನು ಬೆಳಿಗ್ಗೆಯೇ ಹೇಳಿದ್ದ. ಬಿಸಿಲಿನಲ್ಲಿ ಬೇಡ, ನೆರಳಿಗೆ ತಾ ಎಂದವನು ನಾನೇ. ಕಾದ ತಗಡಿನ ಮೇಲೆ ತುಂತುರು ಬೀಳುವ ಮೊದಲೇ ಒಣಗಿ ಒರಟಾಗುತ್ತದೆ ಎಂದು ಅವನೂ ಒಪ್ಪಿದ್ದ. ಕೀಳಲು ಹೋದರೆ ಬೆರಳಿನ ಗುರುತು ಮೂಡುತ್ತದೆ. ನಾಲ್ಕನ್ನು ಹೆಂಡತಿಯ ಹುಬ್ಬಿನ ಚಿಮಟಿಗೆಯಿಂದ ಎತ್ತಿದ. ಎರಡು ಆಗಲೇ ಮುಳುಗಿದ್ದವು. ಅವುಗಳ ಮೇಲೆ ಉಳಿದಿದ್ದ ಬಣ್ಣ ಹೊಡೆದು ಮುಚ್ಚಿದ. ನಾನು ಬೈಯಲಿಲ್ಲ, ಅವನೂ ‘ನಾನು ಹೇಳಿರಲಿಲ್ವಾ’ ಎನ್ನಲಿಲ್ಲ. ಒಂದು ದಿನವಿಡೀ ಜಗಳವಿಲ್ಲದೆ ಕಳೆದದ್ದು ರಾತ್ರಿ ಮಲಗಿದ ಮೇಲೆ ನನಗೆ ಹೊಳೆಯಿತು.

ಕಾರು ನೋಡಲು ಹೇಗಿತ್ತು ಎಂದು ಕೇಳಿದರೆ, ಬಿಳಿ ಪಂಚೆಯ ಮೇಲೆ ಕಪ್ಪು ಕೋಟು ತೊಟ್ಟ ವಕೀಲರಂತಿತ್ತು. ಮಗನ ಗೆಳೆಯರು ಮೆಚ್ಚಿದರು. ಅಮ್ಮ ಮೊದಲ ವಾರ ಅದರಲ್ಲಿ ಕೂರಲು ಹಿಂದೆಮುಂದೆ ನೋಡಿದಳು, ಆಮೇಲೆ ‘ಧೂಳು ಕಾಣಲ್ಲ, ಒಳ್ಳೇದೇ’ ಎಂದಳು. ಆ ಮಾತು ಅಷ್ಟು ನಿಜವಲ್ಲ. ಒರಟು ಕಪ್ಪಿನ ಮೇಲೆ ಧೂಳು ಚೆನ್ನಾಗಿಯೇ ಕಾಣುತ್ತದೆ, ಒರೆಸಿದರೆ ಬೇಗ ಬಿಡುವುದೂ ಇಲ್ಲ. ಎರಡು ಮಳೆಗಾಲ, ಎರಡು ಬೇಸಿಗೆ ಅದು ತಡೆದುಕೊಂಡಿತು. ಎರಡನೆಯ ಬೇಸಿಗೆಗೆ ಕಪ್ಪು ಸ್ವಲ್ಪ ಬೂದಿಗೆ ತಿರುಗಿತ್ತು. ಹೋದ ವಿಷಯವನ್ನು ಮಗ ಅದೇ ವರ್ಷ ಪಾಸು ಮಾಡಿದ. ಆ ಸುದ್ದಿಯನ್ನು ಫಲಿತಾಂಶ ಬಂದ ಐದು ನಿಮಿಷಕ್ಕೇ ಫೋನ್ ಮಾಡಿ ತಿಳಿಸಿದ.

ಖಾಸಗಿ ಕಾರಿನ ನೋಂದಣಿಗೆ ಮೊದಲ ಅವಧಿ ಹದಿನೈದು ವರ್ಷ. ಆಮೇಲೆ ಐದೈದು ವರ್ಷಕ್ಕೊಮ್ಮೆ ವಾಹನವನ್ನು ತಪಾಸಣೆಗೆ ಒಯ್ದು ನವೀಕರಿಸಿಕೊಳ್ಳಬೇಕು. ನಮ್ಮದಕ್ಕೆ 2009, 2014, 2019 ಕಳೆದು 2024ರ ಸರದಿ ಬಂತು. ಪುಸ್ತಕದಲ್ಲಿ ಬಿಳಿ ಎಂದಿರುವಾಗ ಇನ್‌ಸ್ಪೆಕ್ಟರರ ಮುಂದೆ ವಕೀಲರ ವೇಷದಲ್ಲಿ ಒಯ್ಯುವುದು ಯಾಕೆ? ಆ ವರ್ಷದ ಶಿವರಾತ್ರಿಗೆ ಮಗ ಊರಿಗೆ ಬಂದಾಗ ಕೀಳುವುದೆಂದು ನಿಶ್ಚಯವಾಯಿತು. ಹೊಡೆಯುವಾಗ ಇದ್ದ ನಾವಿಬ್ಬರೂ ಕೀಳುವಾಗಲೂ ಇರಬೇಕೆಂಬುದು ನನ್ನ ಹೆಂಡತಿಯ ಆಜ್ಞೆ. ಅಮ್ಮ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು.

ಬಾನೆಟ್ಟಿನ ಮೂಲೆಯಲ್ಲಿ ಉಗುರಿನಿಂದ ಕೆದಕಿ ಅಂಚು ಎಬ್ಬಿಸಿದೆವು. ಆಮೇಲೆ ನಾಲ್ಕು ಕೈ ಸೇರಿ ಮೆಲ್ಲಗೆ ಎಳೆದೆವು. ಅದು ಬಂದ ಬಗೆಯನ್ನು ಏನೆಂದು ವರ್ಣಿಸಲಿ! ಸರ್ರನೆ ಸಣ್ಣ ಸದ್ದು ಮಾಡುತ್ತಾ ಇಡೀ ಬಾನೆಟ್ಟಿನ ಅಗಲಕ್ಕೆ ಒಂದೇ ಕಂಬಳಿಯಂತೆ ಎದ್ದು ಬಂತು. ಕೆಳಗೆ ಬಿಳಿ. 2022ರಲ್ಲಿ ಎಷ್ಟು ಸುಣ್ಣವಾಗಿತ್ತೋ ಅಷ್ಟೇ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ತಿರುವಿ ನೋಡಿದರೆ ರಬ್ಬರಿನ ಒಳಮೈಯಲ್ಲಿ ಎರಡು ಸಣ್ಣ ಉಬ್ಬು. ಮಗ ಬ್ಲೇಡಿನಿಂದ ಬಿಡಿಸಿದ. ಹೊಂಗೆ ಹೂ, ಕಂದಿದ್ದವು, ಆದರೆ ಎಸಳು ಎಸಳಾಗಿಯೇ ಇದ್ದವು. ಅಮ್ಮ ಕೈಚಾಚಿ ಇಸಿದುಕೊಂಡಳು.

ಎಲ್ಲ ಕಡೆಯೂ ಹೀಗೆ ಸುಖವಾಗಿ ಬರಲಿಲ್ಲ. ಚಕ್ರದ ಸಂದುಗಳಲ್ಲೂ ಬಲ ಮಡ್‌ಗಾರ್ಡಿನ ಕೆಳ ಅಂಚಿನಲ್ಲೂ ನಮ್ಮ ಕೈ ಹಿಡಿತವಾಗಿತ್ತೆಂದು ಕಾಣುತ್ತದೆ, ಅಲ್ಲಿ ಅಕ್ಕಿರೊಟ್ಟಿಯ ಅಂಚಿನಂತೆ ಮುರಿಮುರಿದು ಬರುತ್ತಿತ್ತು. ಇದಕ್ಕೆ ಮದ್ದು ವಿಚಿತ್ರ. ಅದರ ಮೇಲೆ ಅದೇ ಬಣ್ಣವನ್ನು ಇನ್ನೆರಡು ಸುತ್ತು ಹೊಡೆಯಬೇಕು! ಹೊಸ ಬಣ್ಣದ ಥಿನ್ನರು ಹಳೆಯ ಪೊರೆಯನ್ನೂ ಮೆತ್ತಗೆ ಮಾಡಿ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಒಣಗಿದ ಮೇಲೆ ಎರಡೂ ಒಂದಾಗಿ ಎದ್ದುಬರುತ್ತವೆ. ಅಷ್ಟಕ್ಕೂ ಬಿಡದ ಚೂರುಗಳಿಗೆ ತುಕ್ಕು ಬಿಡಿಸುವ ಡಬ್ಲ್ಯುಡಿ-40 ಎಣ್ಣೆ ಸಿಂಪಡಿಸಿ ಬಟ್ಟೆಯಲ್ಲಿ ಉಜ್ಜಿದೆವು. ಮಧ್ಯಾಹ್ನದ ಊಟ ಮೂರು ಗಂಟೆಗೆ ಹೋಯಿತು.

ಎಡ ಮಡ್‌ಗಾರ್ಡನ್ನು ಕೊನೆಗೆ ಉಳಿಸಿದ್ದು ನಾನೇ. ಊಟ ಮುಗಿಸಿ ಬರುವಷ್ಟರಲ್ಲಿ ಮಗ ಶುರುಮಾಡಿಬಿಟ್ಟಿದ್ದ. ಮೇಲಿನಿಂದ ಚೆನ್ನಾಗಿಯೇ ಬರುತ್ತಿತ್ತು. ಚಕ್ರದ ಕಮಾನಿನ ಮೇಲ್ಭಾಗಕ್ಕೆ ಬಂದಾಗ ಸದ್ದು ಬದಲಾಯಿತು. ಅವನ ಕೈಯಲ್ಲಿದ್ದ ಕಪ್ಪು ಹಾಳೆಯ ಬೆನ್ನಿಗೆ ಅಂಗೈಯಗಲದ ಬಿಳಿ ಚಕ್ಕೆ ಅಂಟಿಕೊಂಡು ಬಂತು. ಅವನು ನಿಲ್ಲಿಸಿ, ಬಗ್ಗಿ ನೋಡಿ, ಮತ್ತೆ ಸ್ವಲ್ಪ ಎಳೆದ. ಚಕ್ಕೆ ಊಟದ ತಟ್ಟೆಯಷ್ಟಗಲವಾಯಿತು. ಅದರಡಿಯಲ್ಲಿ ಇಟ್ಟಿಗೆ ಬಣ್ಣದ ಪ್ರೈಮರು, ಅದರ ನಡುವೆ ಬೂದು ಪುಟ್ಟಿ, ಪುಟ್ಟಿ ಬಿರಿದಲ್ಲಿ ತಗಡಿನ ತಗ್ಗು.

‘ಅಪ್ಪಾ, ಇಲ್ಲಿ ಯಾವಾಗ್ಲೋ ಗುದ್ದಿದೆ! ತಾತ ಗುದ್ದಿದ್ರಾ?’

ಹೌದು ಎಂದುಬಿಡಬಹುದಿತ್ತು. ತಾತ ಎದ್ದು ಬಂದು ಇಲ್ಲವೆನ್ನುವಂತಿರಲಿಲ್ಲ. ಬಾಯಿಯವರೆಗೂ ಬಂದಿತ್ತು. ಜಗಲಿಯ ಮೇಲೆ ಅಮ್ಮ ಕೂತಿದ್ದಳು. ಮಗ ಆ ಕಪ್ಪು ಬಿಳುಪು ಹಾಳೆಯನ್ನು ಹಿಡಿದುಕೊಂಡೇ ನನ್ನ ಮುಖ ನೋಡುತ್ತಿದ್ದ.

‘ನಾನೇ ಗುದ್ದಿದ್ದು. ತಾತನಿಗೆ ಹೇಳಿರಲಿಲ್ಲ’ ಎಂದೆ.

1997ರ ಮೇ ತಿಂಗಳು. ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ, ಲೈಸೆನ್ಸ್ ಕೈಗೆ ಬಂದು ಎರಡು ತಿಂಗಳಾಗಿತ್ತು. ಅಪ್ಪ ಪಿಯುಸಿ ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆ ಹತ್ತು ದಿನ ಪರಊರಿಗೆ ಹೋಗಿದ್ದರು. ಬೀಗದ ಕೈ ದೇವರ ಕೋಣೆಯ ಗೂಡಿನಲ್ಲಿರುತ್ತಿತ್ತು. ಅಮ್ಮ ಸುಳ್ಯದ ತಂಗಿಯ ಮನೆಗೆ ಹೋದ ದಿನ ಮೂವರು ಗೆಳೆಯರನ್ನು ಹತ್ತಿಸಿಕೊಂಡು ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ಅಣೆಕಟ್ಟೆಗೆ ಹೋದೆ. ಹೋಗುವಾಗ ಏನೂ ಆಗಲಿಲ್ಲ. ಬರುವಾಗ ಒಂದು ಕರು ಅಡ್ಡ ಬಂತು. ಕರುವನ್ನು ತಪ್ಪಿಸಿದೆ, ಕಿಲೋಮೀಟರ್ ಕಲ್ಲನ್ನು ತಪ್ಪಿಸಲಾಗಲಿಲ್ಲ. ಒಬ್ಬ ಗೆಳೆಯ ಇಳಿದು ನೋಡಿ, ‘ಕಲ್ಲಿಗೇನೂ ಆಗಿಲ್ಲ ಮಾರಾಯ’ ಎಂದ. ಈಗ ನಗು ಬರುತ್ತದೆ. ಅಂದು ರಸ್ತೆ ಬದಿಯಲ್ಲಿ ಕೂತು ವಾಂತಿ ಮಾಡಿಕೊಂಡಿದ್ದೆ.

ಊರಾಚೆಯ ಷೆಡ್ಡೊಂದರಲ್ಲಿ ಎರಡೇ ದಿನದಲ್ಲಿ ಮಾಡಿಕೊಡುವಂತೆ ಗೋಗರೆದೆ. ತಗಡನ್ನು ಒಳಗಿನಿಂದ ತಟ್ಟಿ, ಪುಟ್ಟಿ ತುಂಬಿ, ಬಣ್ಣ ಹೊಡೆದರು. ಎಂಟುನೂರ ಐವತ್ತು ರೂಪಾಯಿ. ಗೆಳೆಯರಿಬ್ಬರು ಸೇರಿ ಕೊಟ್ಟರು. ಬಿಳಿ ಎಂದರೆ ಒಂದೇ ಬಿಳಿ ಎಂದು ತಿಳಿದಿದ್ದೆ. ಕಾರಿನದು ಮಲ್ಲಿಗೆ, ಇದು ಹಾಲು. ಬೆಳಗಿನ ಬಿಸಿಲಿನಲ್ಲಿ ಎದ್ದು ಕಾಣುತ್ತಿತ್ತು. ಅಪ್ಪ ಬಂದ ಮರುದಿನ ಎಂದಿನಂತೆ ಪಂಚೆಯ ತುಂಡು ಹಿಡಿದು ಹೊರಟಾಗ ನಾನು ಕಿಟಕಿಯ ಹಿಂದೆ ನಿಂತಿದ್ದೆ. ಬಾನೆಟ್ ಒರೆಸಿದರು, ಎಡ ಮಡ್‌ಗಾರ್ಡ್ ಒರೆಸಿದರು, ಬಾಗಿಲಿಗೆ ಹೋದರು. ಕೈ ಎಲ್ಲೂ ತಡೆಯಲಿಲ್ಲ. ಅವರಿಗೆ ಅದು ಕಂಡಿತೋ ಇಲ್ಲವೋ ಎಂದು ಹದಿನಾರು ವರ್ಷ ಅವರ ಮುಖ ನೋಡಿಯೂ ನನಗೆ ತಿಳಿಯಲಿಲ್ಲ. ಹೇಳಬೇಕೆಂದು ಹೋದದ್ದು ಮೂರು ಸಲ. ಮೂರನೆಯ ಸಲ ಆಸ್ಪತ್ರೆಯಲ್ಲಿ. ಅಂದು ಅವರು ‘ಕಾರಿಗೆ ಇನ್ಷೂರೆನ್ಸ್ ಕಟ್ಟಿದೆಯಾ?’ ಎಂದು ಕೇಳಿದರು. ಕಟ್ಟಿದ್ದೇನೆ ಎಂದು ಎದ್ದು ಬಂದೆ.

ಇಷ್ಟನ್ನೂ ಹೊಂಗೆ ಮರದ ಕೆಳಗೆ ನಿಂತು ಹೇಳಿದೆ. ಹೇಳುವಾಗ ನನ್ನ ಆ ಊಟದ ಭಾಷಣ ಮೂವರಿಗೂ ನೆನಪಿಗೆ ಬಂದಿರಲೇಬೇಕು. ಮಗ ಅದರ ಸುದ್ದಿ ಎತ್ತಲಿಲ್ಲ. ಚಕ್ಕೆಯನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದ.

‘ಹಳೇ ಬಣ್ಣದ ಮೇಲೆ ಸ್ಯಾಂಡ್ ಪೇಪರ್ ಹಾಕ್ದೇ ಹಾಗೇ ಹೊಡೆದಿದಾರೆ ಅಪ್ಪಾ. ಅಂಚಿಗೆ ನೋಡಿ, ಕೆಳಗಿನ ಬಿಳಿ ಇನ್ನೂ ಹೊಳೀತಿದೆ. ಪ್ರೈಮರೂ ಒಣಗಿರಲಿಲ್ಲ ಅನ್ಸತ್ತೆ. ಅದಕ್ಕೆ ಹಿಡಿತಾನೇ ಇಲ್ಲ. ರಬ್ಬರಿನ ಹಿಡಿತಾನೇ ಜಾಸ್ತಿ ಆಗೋಯ್ತು.’

‘ಎರಡೇ ದಿನ ಟೈಮ್ ಕೊಟ್ಟಿದ್ದೆ’ ಎಂದೆ.

‘ಮತ್ತೆ?’ ಎಂದ, ಅವರ ತಪ್ಪಲ್ಲ ಎನ್ನುವ ಹಾಗೆ.

ಕಂಪನಿಯಲ್ಲಿ ಕುಲುಮೆಯ ಕಾವಿನಲ್ಲಿ ಒಣಗಿಸಿದ ಮೂಲ ಬಣ್ಣದ ಮೇಲಿಂದ ಈ ರಬ್ಬರು ನಿರುಪದ್ರವಿಯಾಗಿ ಎದ್ದುಬರುತ್ತದೆ. ಅರ್ಜೆಂಟಿನಲ್ಲಿ ಹೊಡೆಸಿದ ತೇಪೆಯ ಮೇಲಿದ್ದರೆ ತೇಪೆಯನ್ನೂ ಹೊತ್ತು ತರುತ್ತದೆ. ಹಳೆಯ ಕಾರಿಗೆ ಹೊಡೆಯುವ ಮೊದಲು ಎಲ್ಲೆಲ್ಲಿ ಮರುಬಣ್ಣವಾಗಿದೆ ಎಂದು ವಿಚಾರಿಸಿಕೊಳ್ಳಬೇಕು ಎಂದು ಡಬ್ಬಿ ತಂದ ದಿನವೇ ಅವನು ನನ್ನನ್ನು ಕೇಳಿದ್ದನಂತೆ. ‘ನೀವು ಎಲ್ಲೂ ಇಲ್ಲ ಅಂದಿದ್ರಿ’ ಎಂದ. ನನಗೆ ನೆನಪಿಲ್ಲ. ಅಂದಿರಬೇಕು.

ಅಮ್ಮ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಒಣ ಹೂಗಳನ್ನು ಸೆರಗಿನ ಮೇಲಿಟ್ಟುಕೊಂಡು ಏನನ್ನೋ ಲೆಕ್ಕ ಹಾಕುತ್ತಿದ್ದಳು.

‘ಹಾಗಾದ್ರೆ ಆ ವರ್ಷ ದೀಪಾವಳಿಗೆ ಬಟ್ಟೆ ಬೇಡ, ದುಡ್ಡೇ ಕೊಡಿ, ಪುಸ್ತಕ ತಗೋತೀನಿ ಅಂದ್ಯಲ್ಲ, ಅದು ಇದಕ್ಕೇನೋ?’

‘ಹೂಂ.’

‘ಅಯ್ಯೋ ನಿನ್ನ! ನಿಮ್ಮಪ್ಪ, ನನ್ನ ಮಗ ಹಬ್ಬಕ್ಕೆ ಹೊಸ ಬಟ್ಟೆ ಬೇಡ, ಪುಸ್ತಕ ಬೇಕು ಅಂತಾನೆ ಅಂತ ಕಾಲೇಜಿನಲ್ಲೆಲ್ಲ ಹೇಳ್ಕೊಂಡು ತಿರುಗಿದ್ದರು. ಕ್ಲಾಸಿನಲ್ಲಿ ಹುಡುಗರಿಗೂ ಹೇಳಿದ್ದರಂತೆ.’

ಮಗ ನನ್ನ ಕಡೆ ನೋಡದೆ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಪುಟ್ಟಿಯ ಧೂಳು ಒರೆಸತೊಡಗಿದ. ನಾನು ಇನ್ನೊಂದು ಬಟ್ಟೆ ತೆಗೆದುಕೊಂಡೆ.